ಹೆಚ್ಚು ಓಡಿದ ಹಳೆಯ ಎಟಿವಿಯನ್ನು ತೋಟದ ಕೆಲಸಕ್ಕೆ ಕೊಳ್ಳಬಹುದೇ?

ಹೊಸನಗರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಅಡಿಕೆ ತೋಟವೂ ಅದರ ಮೇಲ್ಭಾಗದಲ್ಲಿ ಒಂದಿಷ್ಟು ಬ್ಯಾಣವೂ (ಹುಲ್ಲುಗಾವಲು) ಇವೆ. ಮನೆ ದಿಂಬದ (ದಿಬ್ಬದ) ಮೇಲಿದೆ, ತೋಟ ಕಣಿವೆಯಲ್ಲಿದೆ, ನಡುವಿನ ದಾರಿ ಜಂಬಿಟ್ಟಿಗೆ ಮಣ್ಣಿನದು ಮತ್ತು ಕಡಿದಾದದ್ದು. ಕೊಟ್ಟಿಗೆ ಗೊಬ್ಬರ ಇಳಿಸುವುದು, ಅಡಿಕೆ ಕೊನೆಗಳನ್ನು ಅಂಗಳಕ್ಕೆ ತರುವುದು, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮನ್ನು ತೋಟದೊಳಕ್ಕೆ ಒಯ್ಯುವುದು, ಇವೆಲ್ಲ ಈಗಲೂ ತಲೆಹೊರೆಯ ಮೇಲೆಯೇ ನಡೆಯುತ್ತಿವೆ. ಹೊರುವ ಆಳುಗಳಿಗೆ ವಯಸ್ಸಾಗಿದೆ, ಹೊಸಬರು ಈ ಕೆಲಸಕ್ಕೆ ಬರುತ್ತಿಲ್ಲ.

ಚಿಕ್ಕಮಗಳೂರಿನ ಕಡೆಯ ಒಂದು ರೆಸಾರ್ಟಿನವರು 500 ಸಿಸಿ ವರ್ಗದ ಎಟಿವಿಯೊಂದನ್ನು (ಕಚ್ಚಾ ದಾರಿಯಲ್ಲಿ ಓಡಿಸುವ, ಬೈಕಿನಂತಹ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಮಾರಾಟಕ್ಕೆ ಇಟ್ಟಿದ್ದಾರೆ. ನಾಲ್ಕೂ ಚಕ್ರಗಳಿಗೆ ಎಳೆತವಿದೆ, ಕ್ಲಚ್ ಒತ್ತುವ ಗೊಡವೆಯಿಲ್ಲದ ಬೆಲ್ಟಿನ ಗಾಡಿ. ಮೀಟರಿನಲ್ಲಿ 9,900 ಕಿಲೋಮೀಟರ್ ಮತ್ತು 1,100 ಗಂಟೆ ಎಂದು ಕಾಣಿಸುತ್ತದೆ. ಅವರು ಕೇಳುತ್ತಿರುವುದು 3.25 ಲಕ್ಷ ರೂಪಾಯಿ. ಹೊಸ ಗಾಡಿಯ ಬೆಲೆಯನ್ನು ನೆನೆದರೆ ಇದು ಕಡಿಮೆ ಎನ್ನಿಸುತ್ತದೆ, ಓಡಿದ ದೂರವನ್ನು ನೋಡಿದರೆ ಕೈ ಹಿಂದಕ್ಕೆ ಬರುತ್ತದೆ. ಇಂತಹ ಗಾಡಿಯನ್ನು ಮಲೆನಾಡಿನ ತೋಟದಲ್ಲಿ ದುಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ತೀರ್ಥಹಳ್ಳಿ ತೋಟ

ಕೊಳ್ಳಬೇಡಿ. ಆ ಹಣಕ್ಕೆ ಪವರ್ ಟಿಲ್ಲರ್ (ಹ್ಯಾಂಡಲ್ ಹಿಡಿದು ನಡೆಸುವ ಎರಡು ಚಕ್ರದ ಉಳುಮೆ ಯಂತ್ರ) ಮತ್ತು ಟ್ರೇಲರ್ ತೆಗೆದುಕೊಳ್ಳಿ.

ಸಾಗರದ ವರ್ಕ್‌ಶಾಪ್

ಟಿಲ್ಲರಿನ ಮಾತು ಆಮೇಲೆ ಆಗಲಿ, ಮೊದಲು ಅವರು ಕೇಳಿದ್ದಕ್ಕೆ ಉತ್ತರ ಕೊಡೋಣ. ಎಟಿವಿಯಲ್ಲಿ ಕಿಲೋಮೀಟರನ್ನು ಮಾತ್ರ ನೋಡಿ ಬೆಲೆ ಕಟ್ಟುವುದು ಸರಿಯಲ್ಲ. ಗಂಟೆಯ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. 9,900 ಕಿಲೋಮೀಟರನ್ನು 1,100 ಗಂಟೆಯಿಂದ ಭಾಗಿಸಿದರೆ ಗಂಟೆಗೆ 9 ಕಿಲೋಮೀಟರ್ ಬರುತ್ತದೆ. ಅಂದರೆ ಈ ಗಾಡಿ ತನ್ನ ಆಯುಷ್ಯದ ಬಹುಪಾಲನ್ನು ನಿಧಾನಗತಿಯಲ್ಲಿ ಅಥವಾ ನಿಂತಲ್ಲಿಯೇ ಎಂಜಿನ್ ಓಡಿಸಿಕೊಂಡು ಕಳೆದಿದೆ. ಅದೇ 1,100 ಗಂಟೆ ಒಂದು ಕಾರು ಗಂಟೆಗೆ 40 ಕಿಲೋಮೀಟರಿನಂತೆ ಓಡಿದ್ದರೆ ಅದರ ಮೀಟರು 44,000 ತೋರಿಸುತ್ತಿತ್ತು. ಎಂಜಿನ್ನಿನ ಸವೆತವನ್ನು ಅಳೆಯಲು ನೆಚ್ಚಬಹುದಾದದ್ದು ಈ ಗಂಟೆಯ ಅಂಕಿ.

ಆದರೆ ಒಂದು ವಿಷಯವನ್ನು ಮರೆಯಬಾರದು. ರೆಸಾರ್ಟಿನ ಗಾಡಿಯನ್ನು ಯಾವ ಒಬ್ಬ ಮನುಷ್ಯನೂ ತನ್ನದೆಂದು ಓಡಿಸಿರುವುದಿಲ್ಲ. ಪ್ರವಾಸಿಗರು ಎಂಜಿನ್ ಬಿಸಿಯಾಗುವ ಮೊದಲೇ ಆಕ್ಸಿಲರೇಟರ್ ಒತ್ತುತ್ತಾರೆ, ಗುಂಡಿಗೆ ಇಳಿಸುತ್ತಾರೆ, ಬ್ರೇಕ್ ಹಿಡಿದುಕೊಂಡೇ ಎಳೆಸುತ್ತಾರೆ. ಇದರ ಏಟು ಮೊದಲು ಬೀಳುವುದು ಬೆಲ್ಟಿಗೆ ಮತ್ತು ಕ್ಲಚ್ ರೋಲರುಗಳಿಗೆ, ಆಮೇಲೆ ಬಾಲ್ ಜಾಯಿಂಟ್, ಬುಷ್ ಮತ್ತು ಚಕ್ರದ ಬೇರಿಂಗುಗಳಿಗೆ. ಎಂಜಿನ್ ಚೆನ್ನಾಗಿದ್ದೂ ಉಳಿದದ್ದೆಲ್ಲ ಕುಲುಕಾಡುವ ಗಾಡಿಗಳು ಬರುವುದು ಇಂತಹ ಕಡೆಯಿಂದಲೇ.

ಕೊಪ್ಪದ ಕೃಷಿಕೆ

ನಮ್ಮ ಕಾಫಿ ತೋಟದಲ್ಲಿ ಹಳೆಯ ಎಟಿವಿಯೊಂದು ಇದೆ, ಅದನ್ನು ಹೆಚ್ಚಾಗಿ ಓಡಿಸುವವಳು ನಾನೇ. ಬೇಲಿ ನೋಡಿಕೊಂಡು ಬರಲು, ಪೈಪು ಒಡೆದಿರುವ ಜಾಗಕ್ಕೆ ಸಾಮಾನು ಒಯ್ಯಲು, ಕೆಲಸದವರಿಗೆ ಊಟ ಮುಟ್ಟಿಸಲು, ಎರಡು ಮೂರು ಚೀಲ ಗೊಬ್ಬರ ಇಳಿಸಲು ಇದರಷ್ಟು ಅನುಕೂಲವಾದ ಗಾಡಿಯನ್ನು ನಾನು ಕಂಡಿಲ್ಲ. ಜೀಪು ಹೋಗದ ಕಾಲುದಾರಿಯಲ್ಲಿ ಇದು ಹೋಗುತ್ತದೆ. ಟಯರುಗಳಲ್ಲಿ ಗಾಳಿ ತೀರ ಕಡಿಮೆ ಇರುವುದರಿಂದ ತೋಟದ ನೆಲವನ್ನು ಹೆಚ್ಚು ಒತ್ತುವುದಿಲ್ಲ.

ಕಷ್ಟವಿರುವುದು ಬಿಡಿಭಾಗದಲ್ಲಿ. ಮಳೆಗಾಲದ ನಡುವೆ ನಮ್ಮ ಗಾಡಿಯ ಆಕ್ಸಲಿನ ರಬ್ಬರ್ ಬೂಟು ಹರಿದು, ಒಳಗಿನ ಗ್ರೀಸೆಲ್ಲ ಕೆಸರಿನೊಡನೆ ಸೇರಿ ಜಾಯಿಂಟೇ ಹೋಯಿತು. ಅದಕ್ಕೆ ಹೊಂದುವ ಭಾಗ ಬೆಂಗಳೂರಿನಿಂದಲೂ ಸಿಗದೆ ಹೊರದೇಶದಿಂದ ತರಿಸಬೇಕಾಯಿತು, ಕೈಗೆ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಆದ್ದರಿಂದ ಕೊಳ್ಳುವ ಮೊದಲೇ ಒಂದು ಬೆಲ್ಟು, ಒಂದು ಜೊತೆ ಬೂಟು, ಏರ್ ಫಿಲ್ಟರ್ ಮತ್ತು ಬ್ರೇಕ್ ಪ್ಯಾಡುಗಳ ಬೆಲೆ ವಿಚಾರಿಸಿ, ಅವು ಎಷ್ಟು ದಿನದಲ್ಲಿ ಬರುತ್ತವೆ ಎಂದು ಕೇಳಿ. ಆ ಉತ್ತರ ಸಮಾಧಾನ ತರದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ತೀರ್ಥಹಳ್ಳಿ ತೋಟ

ನಾನು ಹೇಳಿದ್ದೂ ಅದನ್ನೇ ಅಲ್ಲವೇ? ವಿಎಸ್‌ಟಿ ಶಕ್ತಿಯ 13 ಎಚ್‌ಪಿ ಟಿಲ್ಲರಿಗೆ ಬಿಡಿಭಾಗ ಬೇಕೆಂದರೆ ನಮ್ಮ ಪೇಟೆಯಲ್ಲಿಯೇ ಸಿಗುತ್ತದೆ, ರಿಪೇರಿ ಬಲ್ಲ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದಾರೆ. ಡೀಸೆಲ್ ಎಂಜಿನ್, ಖರ್ಚು ಕಡಿಮೆ. ಗದ್ದೆ ಉಳುತ್ತದೆ, ಪಂಪು ಓಡಿಸುತ್ತದೆ, ಟ್ರೇಲರ್ ಕಟ್ಟಿದರೆ ಎಟಿವಿಗಿಂತ ಹೆಚ್ಚು ಭಾರ ಎಳೆಯುತ್ತದೆ. ಊಟ ಒಯ್ಯುವುದಕ್ಕೂ ಬೇಲಿ ನೋಡುವುದಕ್ಕೂ ಮೂರು ಲಕ್ಷ ಕೊಡುವುದು ಸಣ್ಣ ಬೆಳೆಗಾರನಿಗೆ ಹೇಳಿದ ಮಾತಲ್ಲ.

ಕೊಪ್ಪದ ಕೃಷಿಕೆ

ಕಡಿದಾದ ಇಳಿಜಾರಿನಲ್ಲಿ ಟ್ರೇಲರ್ ಕಟ್ಟಿದ ಟಿಲ್ಲರನ್ನು ಇಳಿಸಿದ ಅನುಭವ ನಿಮಗಿದ್ದರೆ ಹೀಗೆ ಸಲೀಸಾಗಿ ಹೇಳುತ್ತಿರಲಿಲ್ಲ. ಇಳಿಯುವಾಗ ಎಡಗಡೆಯ ಸ್ಟಿಯರಿಂಗ್ ಕ್ಲಚ್ಚನ್ನು ಒತ್ತಿದರೆ ಎಡ ಚಕ್ರವು ಎಂಜಿನ್ನಿನ ಹಿಡಿತ ತಪ್ಪಿ ಮುಂದಕ್ಕೆ ಓಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಿ ಕಲಿತ ಕೈಗೆ ಇದು ತಲೆಕೆಳಗು. ಹಿಂದಿನಿಂದ ತುಂಬಿದ ಟ್ರೇಲರ್ ನೂಕುತ್ತಿರುವಾಗ ಅದನ್ನು ಯೋಚಿಸಿ ತಿದ್ದಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಹೊಸನಗರದವರ ದಾರಿ ಕಡಿದಾಗಿದೆ ಎಂದು ಅವರೇ ಬರೆದಿದ್ದಾರೆ.

ತೀರ್ಥಹಳ್ಳಿ ತೋಟ

ನಮ್ಮಲ್ಲಿಯೂ ಇಳಿಜಾರಿದೆ, ವರ್ಷಗಳಿಂದ ಓಡಿಸುತ್ತಿದ್ದೇವೆ. ಕ್ಲಚ್ ಮುಟ್ಟದೆ ಹ್ಯಾಂಡಲ್ ಎಳೆದು ತಿರುಗಿಸಬೇಕು, ಮೊದಲ ಗೇರಿನಲ್ಲಿಯೇ ಇಳಿಸಬೇಕು. ಅಭ್ಯಾಸವಾದರೆ ಭಯವಿಲ್ಲ. ಹೊಸ ಆಳಿನ ಕೈಗೆ ಕೊಡಬಾರದು ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಶಿರಾಳಕೊಪ್ಪದಿಂದ

ಇಳಿಜಾರಿನ ಮಾತು ಬಂದದ್ದರಿಂದ ಒಂದು ಪ್ರಶ್ನೆ: ಆ ಎಟಿವಿಗೆ ಎಂಜಿನ್ ಬ್ರೇಕಿಂಗ್ ಇದೆಯೇ?

ಸಾಗರದ ವರ್ಕ್‌ಶಾಪ್

ಬಹಳ ಮುಖ್ಯವಾದ ಪ್ರಶ್ನೆ. ಬೆಲ್ಟಿನ ಎಟಿವಿಗಳಲ್ಲಿ ಎರಡು ಬಗೆ ಇವೆ. ಕೆಲವದರಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬೆಲ್ಟು ಸಡಿಲವಾಗಿ, ಗಾಡಿಯು ನ್ಯೂಟ್ರಲಿನಲ್ಲಿ ಇದ್ದಂತೆ ಇಳಿಜಾರಿನಲ್ಲಿ ಉರುಳುತ್ತದೆ. ಆಗ ಇಡೀ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಇನ್ನು ಕೆಲವದರಲ್ಲಿ ಚಕ್ರದ ಓಟವನ್ನು ಎಂಜಿನ್ನೇ ಹಿಡಿದಿಡುವ ಏರ್ಪಾಡು ಇರುತ್ತದೆ. ಮಲೆನಾಡಿನ ದಾರಿಗೆ ಎರಡನೆಯದೇ ಬೇಕು. ಪರೀಕ್ಷೆ ಸುಲಭ: ಖಾಲಿ ಗಾಡಿಯನ್ನು ಲೋ ಗೇರಿಗೆ ಹಾಕಿ, ಸಾಧಾರಣ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಇಳಿಸಿ ನೋಡಿ. ವೇಗ ಏರುತ್ತಲೇ ಹೋದರೆ ಆ ಏರ್ಪಾಡು ಇಲ್ಲ, ಅಥವಾ ಇದ್ದದ್ದು ಸವೆದಿದೆ.

ನೋಡಲು ಹೋಗುವವರು ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಫೋನಿನಲ್ಲಿಯೇ ಹೇಳಿರಬೇಕು. ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದು ನಿಲ್ಲದೇ ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ ಎಂದು ತಿಳಿಯಬೇಕು. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿಸಿ, ಫಿಲ್ಟರಿನ ಆಚೆ, ಎಂಜಿನ್ನಿನ ಕಡೆಗಿರುವ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಕೆಂಪು ಧೂಳು ಸಿಕ್ಕಿದರೆ ಎಂಜಿನ್ ಧೂಳು ಕುಡಿದಿದೆ, ಪಿಸ್ಟನ್ ಸವೆದಿರುತ್ತದೆ. ಆ ಒಂದು ಗುರುತು ಕಂಡರೆ ನಾನಂತೂ ಮುಂದಕ್ಕೆ ನೋಡುವುದಿಲ್ಲ.

ಮುಂದಿನ ಮತ್ತು ಹಿಂದಿನ ಗೇರ್ ಪೆಟ್ಟಿಗೆಗಳ ಆಯಿಲನ್ನು ಸ್ವಲ್ಪ ಹೊರಗೆ ಬಿಡಿಸಿ. ಅದು ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ಚಾಸಿಯ ಕೆಳಗೆ ಟಾರ್ಚ್ ಬಿಟ್ಟು ವೆಲ್ಡಿಂಗ್ ಗುರುತುಗಳನ್ನು ಹುಡುಕಿ. ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಪ್ರತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ (ಸಡಿಲ) ಸಿಕ್ಕಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. ಇವು ದೊಡ್ಡ ಖರ್ಚಿನವಲ್ಲ, ಬೆಲೆ ಇಳಿಸಲು ಕಾರಣವಾಗುತ್ತವೆ.

ಶಿವಮೊಗ್ಗದ ನಿವೃತ್ತ ಎಂಜಿನಿಯರ್

ಸಿಲಿಂಡರಿನೊಳಗೆ ಎಷ್ಟು ಒತ್ತಡ ಏರುತ್ತದೆ ಎಂದು ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಹೇಳಲಿಲ್ಲವಲ್ಲ. ಎಂಜಿನ್ನಿನ ನಿಜಸ್ಥಿತಿ ತಿಳಿಯಬೇಕಾದರೆ ಅದೊಂದೇ ದಾರಿ.

ಸಾಗರದ ವರ್ಕ್‌ಶಾಪ್

ಬೇಕೆಂದೇ ಬಿಟ್ಟಿದ್ದೆ, ಸಾರ್. ಇಂತಹ ಅನೇಕ ಎಂಜಿನ್ನುಗಳಲ್ಲಿ ಸ್ಟಾರ್ಟಿಂಗ್ ಹಗುರವಾಗಲಿ ಎಂದು ಕ್ಯಾಮ್‌ಶಾಫ್ಟಿನಲ್ಲಿಯೇ ಕಂಪ್ರೆಷನನ್ನು ಸ್ವಲ್ಪ ಬಿಟ್ಟುಕೊಡುವ ಏರ್ಪಾಡು ಇರುತ್ತದೆ. ಅದರಿಂದ ಸಾಧಾರಣ ಮೀಟರಿನಲ್ಲಿ ಅಂಕಿ ಕಡಿಮೆ ಕಾಣಿಸಿ, ಒಳ್ಳೆಯ ಎಂಜಿನ್ನನ್ನೂ ಕೆಟ್ಟದ್ದೆಂದು ತಿಳಿಯುವ ಸಂಭವವಿದೆ. ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಕಂಪ್ರೆಸರಿನಿಂದ ಗಾಳಿ ಕೊಟ್ಟು, ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಇದಕ್ಕೆ ತಕ್ಕದ್ದು. ಸೈಲೆನ್ಸರಿನಲ್ಲಿ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್.

ಶಿವಮೊಗ್ಗದ ನಿವೃತ್ತ ಎಂಜಿನಿಯರ್

ಒಪ್ಪಿದೆ. ಲೀಕ್‌ಡೌನ್ ಪರೀಕ್ಷೆಯೇ ಮೇಲು.

ಸೊರಬದ ಕೃಷಿಕ

ಬೋರ್ಡೋ ಡ್ರಮ್ಮಿನ ವಿಷಯವನ್ನು ಯಾರೂ ಎತ್ತಲಿಲ್ಲ. 200 ಲೀಟರಿನ ಡ್ರಮ್ ತುಂಬಿದರೆ 200 ಕಿಲೋಗ್ರಾಮಿಗೂ ಮೀರಿದ ಭಾರ. 500 ಸಿಸಿ ವರ್ಗದ ಎಟಿವಿಯ ಹಿಂದಿನ ಕ್ಯಾರಿಯರ್ ಹೊರುವುದು ಹೆಚ್ಚೆಂದರೆ 80 ಕಿಲೋಗ್ರಾಮಿನ ಆಸುಪಾಸು, ಮುಂದಿನದು ಅದರ ಅರ್ಧ. ಆದ್ದರಿಂದ ಡ್ರಮ್ಮು ಟ್ರೇಲರಿನಲ್ಲಿಯೇ ಹೋಗಬೇಕು. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಅಪಾಯಕಾರಿ ಎಂಬುದನ್ನು ನೆನಪಿಡಿ. ದ್ರಾವಣ ಒಂದು ಬದಿಗೆ ಹೊಯ್ದಾಡಿದಾಗ ಅಡ್ಡ ಇಳಿಜಾರಿನಲ್ಲಿ ಟ್ರೇಲರ್ ಮಗುಚುತ್ತದೆ. ನಾವು ಮೇಲಿನ ಅಂಗಳದಲ್ಲಿಯೇ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ದ್ರಾವಣ ಮಾಡಿಕೊಂಡು ಪೈಪಿನಲ್ಲಿ ಕೆಳಗೆ ಬಿಡುತ್ತೇವೆ. ಇಳಿಜಾರು ಇರುವವರಿಗೆ ಅದು ಗಾಡಿಗಿಂತ ಅಗ್ಗ. ಮೈಲುತುತ್ತ ಕಬ್ಬಿಣವನ್ನು ತಿನ್ನುವ ವಸ್ತು, ಗಾಡಿಯ ಮೇಲೆ ಚೆಲ್ಲಿದರೆ ಅದೇ ದಿನ ತೊಳೆಯಬೇಕು.

ಹೊಸನಗರದ ಬೆಳೆಗಾರ

ಪೈಪಿನ ಉಪಾಯ ನಮ್ಮ ದಿಂಬಕ್ಕೂ ಹೊಂದುತ್ತದೆ, ಅದನ್ನು ಈ ವರ್ಷವೇ ಮಾಡಬಹುದು. ಹಾಗಾದರೆ ಉಳಿಯುವ ಕೆಲಸ ಗೊಬ್ಬರ ಮತ್ತು ಅಡಿಕೆ ಕೊನೆ ಎರಡೇ. ತೋಟದೊಳಗೆ ಮರದಿಂದ ಮರಕ್ಕೆ ಒಂಬತ್ತು ಅಡಿ ಇದೆ, ಗಾಡಿಯ ಅಗಲ ನಾಲ್ಕು ಅಡಿ ಎಂದಿದ್ದಾರೆ. ಬಸಿಗಾಲುವೆಗಳನ್ನು ದಾಟಲು ಈಗ ಅಡಿಕೆ ಮರದ ಸಂಕಗಳಿವೆ.

ಕೊಪ್ಪದ ಕೃಷಿಕೆ

ಅಡಿಕೆ ಮರದ ಸಂಕದ ಮೇಲೆ ದಯವಿಟ್ಟು ಹತ್ತಿಸಬೇಡಿ. ಗಾಡಿಯೊಂದೇ 300 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ, ಅದರ ಮೇಲೆ ಓಡಿಸುವವರು, ಹಿಂದೆ ಟ್ರೇಲರ್. ಮಳೆಗಾಲದಲ್ಲಿ ಮರ ಪಾಚಿ ಕಟ್ಟಿ ಜಾರುತ್ತದೆ, ಒಳಗಿನಿಂದ ಕೊಳೆತಿದ್ದರೂ ಹೊರಗೆ ಕಾಣುವುದಿಲ್ಲ. ಸಿಮೆಂಟ್ ಪೈಪು ಹೂತು ಮೇಲೆ ಮಣ್ಣು ಕಲ್ಲು ಹಾಕಿದ ದಾಟು ಬೇಕು. ಎಷ್ಟು ದಾಟುಗಳು ಬೇಕಾಗುತ್ತವೆ ಎಂದು ತೋಟ ಸುತ್ತಿ ಎಣಿಸಿ, ಆ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಕೊಳ್ಳಿ.

ಟಯರಿನ ಗಾಳಿಯ ಬಗ್ಗೆಯೂ ಒಂದು ಮಾತು. ಇವಕ್ಕೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಸಾಕು. ಪೇಟೆಯ ಪಂಕ್ಚರ್ ಅಂಗಡಿಯಲ್ಲಿ ಕಾರಿನ ಅಂದಾಜಿನಲ್ಲಿ ತುಂಬಿಸಿದರೆ ಗಾಡಿ ಚೆಂಡಿನಂತೆ ಪುಟಿದು ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ.

ಸೊರಬದ ಕೃಷಿಕ

ಮಗುಚುವ ಅಪಾಯದ ಬಗ್ಗೆ ಇಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಆಸ್ಟ್ರೇಲಿಯಾದ ಹೊಲಗಳಲ್ಲಿ ಈ ಗಾಡಿಗಳು ಮಗುಚಿ, ಕೆಳಗೆ ಸಿಕ್ಕಿಬಿದ್ದವರ ಸಾವುಗಳು ಹೆಚ್ಚಾದ ಮೇಲೆ ಅಲ್ಲಿನ ಸರ್ಕಾರವು 2019ರಲ್ಲಿ ಕಡ್ಡಾಯ ಸುರಕ್ಷಾ ನಿಯಮ ತಂದಿತು. 2021ರ ಅಕ್ಟೋಬರಿನಿಂದ ಅಲ್ಲಿ ಮಾರುವ ಪ್ರತಿಯೊಂದು ಹೊಸ ಕೃಷಿ ಎಟಿವಿಗೂ, ಮಗುಚಿದಾಗ ಸವಾರನನ್ನು ಕಾಯುವ ಕಂಬಿಯ ರಚನೆ ಇರಲೇಬೇಕು. ಕೆಲವು ದೊಡ್ಡ ಕಂಪನಿಗಳು ಆ ನಿಯಮವನ್ನು ಒಪ್ಪದೆ ಅಲ್ಲಿ ಮಾರಾಟವನ್ನೇ ನಿಲ್ಲಿಸಿದವು. ನಮ್ಮಲ್ಲಿ ಸಿಗುವ ಹಳೆಯ ಗಾಡಿಗಳಲ್ಲಿ ಆ ಕಂಬಿ ಇರುವುದಿಲ್ಲ. ಹೆಲ್ಮೆಟ್ ಹಾಕದೆ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು, ಅಡ್ಡ ಇಳಿಜಾರಿನಲ್ಲಿ ಓಡಿಸುವವರನ್ನು ನಾನು ಕಂಡಿದ್ದೇನೆ. ಒಬ್ಬರಿಗಾಗಿ ಮಾಡಿದ ಗಾಡಿಯಲ್ಲಿ ಓಡಿಸುವವರು ಮೈ ವಾಲಿಸಿ ತೂಕ ಸರಿದೂಗಿಸಬೇಕು. ಹಿಂದೆ ಕುಳಿತವರು ಅದಕ್ಕೆ ಎಡೆ ಕೊಡುವುದಿಲ್ಲ. ಮಕ್ಕಳ ಕೈಗಂತೂ ಕೀಲಿಯೇ ಸಿಗಬಾರದು.

ತೀರ್ಥಹಳ್ಳಿ ತೋಟ

ಇದನ್ನೆಲ್ಲ ಓದಿದ ಮೇಲೂ ಕೊಳ್ಳುವ ಮನಸ್ಸಿದೆಯೇ?

ಹೊಸನಗರದ ಬೆಳೆಗಾರ

ಮನಸ್ಸು ಇನ್ನೂ ಇದೆ, ಆದರೆ ಮೊದಲಿನಷ್ಟು ಆತುರವಿಲ್ಲ. ಕಾಗದಪತ್ರದ ವಿಷಯವನ್ನು ಯಾರಾದರೂ ಹೇಳಬಲ್ಲಿರಾ? ಈ ಗಾಡಿಗೆ ನೋಂದಣಿ ಇಲ್ಲ, ಖಾಸಗಿ ಜಾಗದಲ್ಲಿ ಓಡಿಸಲು ಅದು ಬೇಡ ಎಂದು ಅವರು ಹೇಳಿದರು. ನಮ್ಮ ಮನೆಗೂ ತೋಟಕ್ಕೂ ನಡುವೆ ಪಂಚಾಯಿತಿಯ ರಸ್ತೆ ಹಾದುಹೋಗುತ್ತದೆ, ಅದರ ಮೇಲೆಯೇ ಸುಮಾರು ಅರ್ಧ ಫರ್ಲಾಂಗ್ ಹೋಗಿ ಕೆಳಗೆ ಇಳಿಯಬೇಕು.

ಶಿವಮೊಗ್ಗದ ವಕೀಲ

ಇದನ್ನು ಮೊದಲೇ ಹೇಳಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆಯ 39ನೆಯ ಕಲಮಿನ ಪ್ರಕಾರ, ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಸಾರ್ವಜನಿಕರಿಗೆ ಹೋಗುವ ಹಕ್ಕಿರುವ ಯಾವ ದಾರಿಯೂ ಸಾರ್ವಜನಿಕ ಸ್ಥಳವೇ. ಪಂಚಾಯಿತಿ ರಸ್ತೆಗೆ ವಿನಾಯಿತಿಯಿಲ್ಲ, ದೂರ ಕಡಿಮೆ ಎಂಬುದೂ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ಸಿಕ್ಕಿದರೆ 192ನೆಯ ಕಲಮಿನಡಿ 2,000ದಿಂದ 5,000 ರೂಪಾಯಿಯವರೆಗೆ ದಂಡವಿದೆ.

ದಂಡ ಸಣ್ಣ ವಿಷಯ. ನೋಂದಣಿಯಿಲ್ಲದ ಗಾಡಿಗೆ 146ನೆಯ ಕಲಮು ಕೇಳುವ ಮೂರನೆಯವರ ವಿಮೆಯನ್ನು ಪಡೆಯುವುದು ಸಾಧ್ಯವಾಗುವುದಿಲ್ಲ. ಆ ಅರ್ಧ ಫರ್ಲಾಂಗಿನಲ್ಲಿ ಶಾಲೆಗೆ ಹೋಗುವ ಮಗುವಿಗೋ ಬೈಕಿನವನಿಗೋ ತಗುಲಿದರೆ ಪರಿಹಾರದ ಪೂರ್ತಿ ಹೊಣೆ ಮಾಲೀಕರಾದ ನಿಮ್ಮ ಮೇಲೆಯೇ ಬೀಳುತ್ತದೆ, ತೋಟದ ಬೆಲೆಯೂ ಸಾಲದೇ ಹೋಗಬಹುದು. ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570ರ ಟ್ರ್ಯಾಕ್ಟರ್ ಆವೃತ್ತಿಯೊಂದು ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಣಿಗೆ ಅರ್ಹವಾಗಿ ಭಾರತದ ಮಾರುಕಟ್ಟೆಗೆ ಬಂದಿತ್ತು. ಅಂತಹದ್ದು ಆರ್‌ಸಿ ಪುಸ್ತಕದ ಸಹಿತ ಸಿಕ್ಕಿದರೆ ಮಾತು ಬೇರೆ. ಉಳಿದ ಹಳೆಯ ಎಟಿವಿಗಳನ್ನು ಈಗ ಹೋಗಿ ನೋಂದಣಿ ಮಾಡಿಸಿಕೊಳ್ಳುತ್ತೇನೆ ಎಂಬ ಭರವಸೆಯ ಮೇಲೆ ಕೊಳ್ಳಬೇಡಿ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕಡೆಗೆ ಒಯ್ಯುವ ಯೋಚನೆಯಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲು ವಿಚಾರಿಸಿ.

ಶಿರಾಳಕೊಪ್ಪದಿಂದ

ಹಳ್ಳಿಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ? ನಮ್ಮ ಕಡೆ ನಂಬರ್ ಪ್ಲೇಟ್ ಇಲ್ಲದ ಟ್ರ್ಯಾಕ್ಟರುಗಳೇ ಓಡಾಡುತ್ತಿವೆ.

ಶಿವಮೊಗ್ಗದ ವಕೀಲ

ಅಪಘಾತವಾಗುವ ದಿನದವರೆಗೆ ಯಾರೂ ನೋಡುವುದಿಲ್ಲ ಎಂಬುದು ನಿಜ. ಆ ದಿನ ಎಲ್ಲರೂ ನೋಡುತ್ತಾರೆ. ಇಂತಹ ಪ್ರಕರಣಗಳಲ್ಲಿ ಜಮೀನು ಮಾರಿದ ಕುಟುಂಬಗಳ ಪರವಾಗಿ ನಾನು ವಾದಿಸಿದ್ದೇನೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊಪ್ಪದ ಕೃಷಿಕೆ

ನಮ್ಮ ತೋಟ ಒಂದೇ ತುಂಡು, ಗೇಟಿನ ಹೊರಗೆ ಎಟಿವಿ ಹೋಗುವುದಿಲ್ಲ. ನಡುವೆ ರಸ್ತೆಯಿದೆ ಎಂದ ಮೇಲೆ ನಾನೂ ನನ್ನ ಸಲಹೆಯನ್ನು ಬದಲಿಸುತ್ತೇನೆ. ಹೊಸನಗರದವರೇ, ಈ ಗಾಡಿ ನಿಮಗಲ್ಲ.

ಸೊರಬದ ಕೃಷಿಕ

ಹೊಸ ಟಿಲ್ಲರ್ ಅಥವಾ ಸಣ್ಣ ಟ್ರ್ಯಾಕ್ಟರಿನ ಯೋಚನೆ ಮಾಡುವುದಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನವನ್ನು ಕೇಳಿ. ಸಹಾಯಧನ ಸಿಗುವುದು ಹೊಸ ಯಂತ್ರಕ್ಕೆ ಮಾತ್ರ, ಹಳೆಯದಕ್ಕೆ ಇಲ್ಲ. ಹಳೆಯ ಎಟಿವಿಯ ಬೆಲೆಯನ್ನು ಹೋಲಿಸುವಾಗ ಈ ಲೆಕ್ಕವೂ ಇರಬೇಕು. 24 ಎಚ್‌ಪಿಯ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಮಹೀಂದ್ರ ಜೀವೋ 245, ಕುಬೋಟಾ ಬಿ2441 ಮಾದರಿಗಳು ತೋಟದ ಕೆಲಸಕ್ಕೆಂದೇ ಕಿರಿದಾಗಿ ಬರುತ್ತವೆ. ನಾಲ್ಕು ಎಕರೆಗೆ ಅವು ದೊಡ್ಡ ಬಂಡವಾಳವಾಗುತ್ತವೆ, ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಕೊಂಡರೆ ಹೊರೆ ಹಂಚಿಹೋಗುತ್ತದೆ.

ಹೊಸನಗರದ ಬೆಳೆಗಾರ

ಎಲ್ಲರ ಮಾತನ್ನೂ ಮನೆಯಲ್ಲಿ ಅಪ್ಪಯ್ಯನಿಗೆ ಓದಿ ಹೇಳಿದೆ. ನಿನ್ನೆ ಹೋಗಿ ಗಾಡಿಯನ್ನೂ ನೋಡಿ ಬಂದೆವು. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆವು, ಹೊಗೆ ಬರಲಿಲ್ಲ. ಏರ್ ಫಿಲ್ಟರಿನ ಆಚೆಗೆ ಧೂಳು ಇರಲಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಡಿ ಹಿಡಿದುಕೊಂಡೇ ಇಳಿಯಿತು. ಆದರೆ ಮುಂದಿನ ಗೇರ್ ಪೆಟ್ಟಿಗೆಯ ಆಯಿಲ್ ಬೆಳ್ಳಗಾಗಿತ್ತು, ಮುಂದಿನ ಎರಡೂ ಚಕ್ರಗಳಲ್ಲಿ ಆಟವಿತ್ತು. ಅವರು 2.6 ಲಕ್ಷಕ್ಕೆ ಇಳಿದರು.

ಬೆಲೆ ಇಳಿದರೂ ರಸ್ತೆ ಹಾಗೆಯೇ ಇರುತ್ತದೆ. ವಿಮೆಯಿಲ್ಲದ ಗಾಡಿಯನ್ನು ದಿನವೂ ಪಂಚಾಯಿತಿ ರಸ್ತೆಗೆ ಇಳಿಸುವುದು ಬೇಡ ಎಂದು ಅಪ್ಪಯ್ಯ ಖಡಾಖಂಡಿತವಾಗಿ ಹೇಳಿದರು, ನನಗೂ ಅದೇ ಸರಿ ಎನ್ನಿಸಿತು. ಬೋರ್ಡೋಗೆ ಪೈಪಿನ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ಟ್ರ್ಯಾಕ್ಟರಿನ ಬಗ್ಗೆ ಪಕ್ಕದ ಇಬ್ಬರು ಬೆಳೆಗಾರರೊಡನೆ ಮಾತು ಶುರುವಾಗಿದೆ.

ರಿಪ್ಪನ್‌ಪೇಟೆ

ನಮ್ಮದು ಒಂದೇ ತುಂಡಿನ ಆರು ಎಕರೆ, ನಡುವೆ ರಸ್ತೆಯಿಲ್ಲ, ಇಳಿಜಾರೂ ಸಾಧಾರಣ. 2.6 ಲಕ್ಷಕ್ಕೆ ಆ ಗಾಡಿಯನ್ನು ನಾನು ನೋಡಬಹುದೇ? ಗೇರ್ ಪೆಟ್ಟಿಗೆಗೆ ನೀರು ಹೋಗಿದ್ದರೆ ಪೂರ್ತಿ ಬದಲಿಸಬೇಕಾಗುತ್ತದೆಯೇ?

ಸಾಗರದ ವರ್ಕ್‌ಶಾಪ್

ಬದಲಿಸಲೇಬೇಕೆಂದಿಲ್ಲ. ಆಯಿಲನ್ನು ಪೂರ್ತಿ ಇಳಿಸಿ, ತಳದ ಬೋಲ್ಟಿನ ಅಯಸ್ಕಾಂತಕ್ಕೆ ಏನು ಅಂಟಿದೆ ಎಂದು ನೋಡಿ. ನುಣ್ಣನೆಯ ಬೂದಿಯಂತಹ ಪುಡಿಯಿದ್ದರೆ ಅದು ಸಾಮಾನ್ಯ ಸವೆತ. ಸೀಲ್ ಬದಲಿಸಿ, ಗಾಳಿಯಾಡುವ ಸಣ್ಣ ಪೈಪು ಕಟ್ಟಿಕೊಂಡಿದೆಯೇ ನೋಡಿ, ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿದರೆ ಸಾಕು. ಲೋಹದ ಚೂರುಗಳು ಸಿಕ್ಕಿದರೆ, ಅಥವಾ ಚಕ್ರ ತಿರುಗಿಸಿದಾಗ ಕಟಕಟ ಸದ್ದು ಕೇಳಿದರೆ, ಇನ್ನೂ ಬೆಲೆ ಇಳಿಸುವಂತೆ ಕೇಳಿ. ಅವರು ಒಪ್ಪದಿದ್ದರೆ ಬಿಟ್ಟು ಬನ್ನಿ. ಲೀಕ್‌ಡೌನ್ ಪರೀಕ್ಷೆ ಇನ್ನೂ ಆಗಿಲ್ಲ, ಅದನ್ನು ಮಾಡಿಸದೆ ಮುಂಗಡ ಕೊಡಬೇಡಿ. ಒಂದು ದಿನ ಮೊದಲು ತಿಳಿಸಿದರೆ ಸಲಕರಣೆ ತೆಗೆದುಕೊಂಡು ನಾನೇ ಜೊತೆಗೆ ಬರುತ್ತೇನೆ.